ಬೆಂಕಿರೆಕ್ಕೆ ಮತ್ತು ಪಂಚರ್ ಅಂಗಡಿಯ ಸ್ಟೂಲು

ಜೂನ್ 9

ಮೊಂಡಿ,

ಆಶೀರ್ವಾದ ಕೊನೆಗೆ ಬರೆಯುತ್ತೇನೆ, ಅಷ್ಟರಲ್ಲಿ ಸಿಟ್ಟು ಇಳಿದಿದ್ದರೆ.

ನಿನ್ನೆ ನಿನ್ನಮ್ಮ ಪಕ್ಕದ ಪಂಚರ್ ಅಂಗಡಿಯವನಿಗೆ ಫೋನು ಮಾಡಿದಳಂತೆ. ನನ್ನ ಕಿವಿಯ ಅವಸ್ಥೆ ಗೊತ್ತಲ್ಲ. ಅವನು ಎಲ್ಲ ಕೇಳಿಸಿಕೊಂಡು, ನನ್ನ ಪಕ್ಕಕ್ಕೆ ಬಂದು, ಇಡೀ ಸೈಕಲ್ ಬೀದಿಗೆ ಕೇಳುವ ಹಾಗೆ ಕಿರುಚಿದ: "ಅಜ್ಜೀ, ನಿಮ್ಮ ಮೊಮ್ಮಗಳ ರೆಕ್ಕೆ ಕಳುವಾಗಿದೆಯಂತೆ! ಊಟ ಬಿಟ್ಟು ಕೂತಿದಾಳಂತೆ!"

ಬೀದಿಯವರೆಲ್ಲ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದರು. ಹಳೇ ಸೈಕಲ್ ರಿಪೇರಿ ಮಾಡಿ ಮಾರುವವಳ ಮೊಮ್ಮಗಳಿಗೆ ರೆಕ್ಕೆ ಯಾವಾಗ ಬಂತು ಎಂದು ಅವರಿಗೆ ಆಶ್ಚರ್ಯ. ನನಗೂ ಅಷ್ಟೇ ಆಶ್ಚರ್ಯ. ನಿನ್ನ ಬೆನ್ನು ನಾನು ಎಷ್ಟು ಸಲ ತಿಕ್ಕಿ ಸ್ನಾನ ಮಾಡಿಸಿದ್ದೇನೆ. ರೆಕ್ಕೆ ಇದ್ದದ್ದು ಕಂಡಿಲ್ಲ.

ಯಾವುದೋ ಫೋನಿನ ಆಟ ಎಂದು ಆಮೇಲೆ ಹೇಳಿದ. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವಳು, ನನಗೆ ಅರ್ಥವಾಗುವ ಹಾಗೆ ಬರೆ. ಎಂಥ ರೆಕ್ಕೆ, ನಿನಗೆ ಹೇಗೆ ಬಂತು, ಯಾವನು ಹೊಡೆದುಕೊಂಡು ಹೋದ. ಅತ್ತದ್ದನ್ನು ಬರೆಯಬೇಡ, ಅದನ್ನು ನಿನ್ನಮ್ಮ ಹೇಳಿಯಾಗಿದೆ.

ಊಟ ಮಾಡು. ನೀನು ಹಸಿದರೆ ಕಳ್ಳನ ಹೊಟ್ಟೆ ನೋಯುತ್ತದೆಯೇ?

ಅಜ್ಜಿ

(ಸಿಟ್ಟು ಇಳಿದಿಲ್ಲ.)


ಜೂನ್ 16

ಅಜ್ಜಿ,

ಊಟ ಮಾಡುತ್ತಿದ್ದೇನೆ. ಅಮ್ಮ ಎಲ್ಲವನ್ನೂ ಎರಡು ಪಟ್ಟು ಮಾಡಿ ಹೇಳುತ್ತಾಳೆ.

ನಿನಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ. ಆಟದೊಳಗೆ ಒಂದು ದೊಡ್ಡ ಊರಿದೆ. ಅಲ್ಲಿ ನನ್ನದೊಂದು ಗೊಂಬೆ ಓಡಾಡುತ್ತದೆ, ಅದು ನಾನೇ ಎಂದುಕೋ. ಬೇರೆ ಮಕ್ಕಳೂ ಹಾಗೇ. ಎರಡು ವರ್ಷದ ಹಿಂದೆ ಅಲ್ಲಿ ಹಿಮದ ಗೋಪುರ ಎಂದು ಒಂದು ಬಂದಿತ್ತು. ಅದನ್ನು ಹತ್ತಿ ಮುಗಿಸಿದವರಿಗೆ ಮಾತ್ರ ಬೆಂಕಿರೆಕ್ಕೆ. ಶಾಲೆಯಿಂದ ಬಂದು ದಿನಾ ಹತ್ತುತ್ತಿದ್ದೆ, ದಿನಾ ಜಾರಿ ಬೀಳುತ್ತಿದ್ದೆ. ಕೊನೆಗೆ ಹತ್ತಿದೆ. ಆಮೇಲೆ ಆ ಗೋಪುರವನ್ನೇ ತೆಗೆದುಬಿಟ್ಟರು. ಈಗ ಎಷ್ಟು ಆಡಿದರೂ ಆ ರೆಕ್ಕೆ ಯಾರಿಗೂ ಸಿಗುವುದಿಲ್ಲ. ನಾನು ಚೌಕಕ್ಕೆ ಬಂದರೆ ಎಲ್ಲರೂ ತಿರುಗಿ ನೋಡುತ್ತಿದ್ದರು, ಅಜ್ಜಿ. ಶಾಲೆಯಲ್ಲಿ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ.

ಅಲ್ಲಿ ಕ್ಯಾಪ್ಟನ್ ಎಂದು ಒಬ್ಬನಿದ್ದಾನೆ. ದೊಡ್ಡ ಗುಂಪಿನ ಮುಖ್ಯಸ್ಥ. ಅವನಾಗಿಯೇ ಮಾತಾಡಿಸಿದ. "ತಂಗಿ, ನೀನು ಚೆನ್ನಾಗಿ ಆಡ್ತೀಯ, ನಮ್ಮ ಗುಂಪಿಗೆ ಬಾ. ಆದ್ರೆ ಮೊದಲು ನಂಬಿಕೆ ಪರೀಕ್ಷೆ" ಎಂದ. ಅವನೇ ಮೊದಲು ತನ್ನ ಚಿನ್ನದ ಸುತ್ತಿಗೆ ನನ್ನ ಕೈಗೆ ಕೊಟ್ಟ. ನಾನು ವಾಪಸ್ ಕೊಟ್ಟೆ. ಆಮೇಲೆ ನನ್ನ ಗುರಾಣಿ ಕೇಳಿದ. ಕೊಟ್ಟೆ, ಅವನೂ ವಾಪಸ್ ಕೊಟ್ಟ. ಮೂರನೇ ಸಲ ರೆಕ್ಕೆ ಕೇಳಿದ. "ಥ್ಯಾಂಕ್ಸ್ ತಂಗಿ" ಎಂದು ಬರೆದು ಮಾಯವಾದ.

ಆಟದ ಕಂಪನಿಗೆ ಬರೆದೆ. ನೀನೇ ಕೈಯಾರೆ ಕೊಟ್ಟದ್ದು, ನಾವೇನೂ ಮಾಡಲಾಗುವುದಿಲ್ಲ ಎಂದರು. ಅಪ್ಪ, "ಇಲ್ಲದ ರೆಕ್ಕೆ ಇಲ್ಲದ ಊರಿಗೆ ಹೋಯ್ತು, ಬಿಡೇ ಅತ್ಲಾಗೆ" ಎಂದು ನಕ್ಕರು.

ನಾನು ಪೆದ್ದಿ. ಅಷ್ಟೇ ವಿಷಯ.

ಮೊಂಡಿ


ಜೂನ್ 22

ಮೊಂಡಿ,

ನಿನ್ನಪ್ಪನಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳು. ಆರು ವರ್ಷದವನಿದ್ದಾಗ ಯಾರೋ ಬುಗುರಿ ಕಿತ್ತುಕೊಂಡರೆಂದು ಇದೇ ಅಂಗಡಿ ಮುಂದೆ ಮಣ್ಣಲ್ಲಿ ಹೊರಳಾಡಿ, ಬಂದ ಗಿರಾಕಿಗಳನ್ನೆಲ್ಲ ಓಡಿಸಿದವನು ಅವನೇ. ಅದು ಮರದ ತುಂಡು, ಇದು ಬೆಂಕಿಯ ರೆಕ್ಕೆ. ಯಾವುದು ದೊಡ್ಡದು ಎಂದು ಕೇಳು.

ಬಿದ್ದು ಎದ್ದು ದುಡಿದು ಸಂಪಾದಿಸಿದ್ದು ನಿನ್ನದು. ಕೈಗೆ ಸಿಗುತ್ತದೋ ಇಲ್ಲವೋ ನನಗೆ ಬೇಡ. ಕಿತ್ತುಕೊಂಡವನು ಕಳ್ಳ, ಕಂಪನಿಯವರು ಏನು ಬೇಕಾದರೂ ಬರೆಯಲಿ.

ಇನ್ನು ನಿನಗೆ ಬೈಗುಳ. ನಮ್ಮ ಬೀದಿಯ ಪದ್ಧತಿ ಮರೆತೆಯಾ? ಸೈಕಲ್ ಓಡಿಸಿ ನೋಡುತ್ತೇನೆ ಎಂದವನು ಎಡಗಾಲಿನ ಚಪ್ಪಲಿ ಅಂಗಡಿಯಲ್ಲಿ ಬಿಟ್ಟು ಹೋಗಬೇಕು. ಕೋಟು ಹಾಕಿದವನಾದರೂ ಸರಿ. ಒಂಟಿ ಚಪ್ಪಲಿಯಲ್ಲಿ ಯಾರೂ ಊರು ಬಿಟ್ಟು ಓಡುವುದಿಲ್ಲ. ನಿನ್ನ ಕ್ಯಾಪ್ಟನ್ ರೆಕ್ಕೆ ತೆಗೆದುಕೊಳ್ಳುವಾಗ ಏನು ಬಿಟ್ಟಿದ್ದ? ಏನೂ ಇಲ್ಲ. ಸುತ್ತಿಗೆ ತೋರಿಸಿ ಆಗಲೇ ಒಳಗಿಟ್ಟುಕೊಂಡಿದ್ದ. ಆ ಸುತ್ತಿಗೆಯಾದರೂ ಅವನದೇ ಎಂದು ನಿನಗೆ ಯಾರು ಹೇಳಿದರು? ನಿನ್ನ ಹಾಗೇ ಯಾವುದೋ ಮಗು ಅಳುತ್ತಾ ಕಳೆದುಕೊಂಡದ್ದಿರಬೇಕು.

ಪೆದ್ದಿ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಗ್ರೀಸು ಹಚ್ಚಿ ಅಳಿಸಿದ್ದೇನೆ. ಮೋಸ ಹೋದವಳು ಪೆದ್ದಿಯಾದರೆ ನಮ್ಮ ಬೀದಿಯಲ್ಲಿ ಜಾಣರು ಒಬ್ಬರೂ ಉಳಿಯುವುದಿಲ್ಲ.

ಬಿಡಬೇಡ ಅವನನ್ನು. ಹುಡುಕು.

ಆಶೀರ್ವಾದ, ಈ ಸಲಕ್ಕೆ.

ಅಜ್ಜಿ


ಜೂನ್ 28

ಅಜ್ಜಿ,

ನಿನ್ನ ಕಾಗದ ಅಪ್ಪನಿಗೆ ಓದಿ ಹೇಳಿದೆ. ಬುಗುರಿ ವಿಷಯ ಬಂದಾಗ ಎದ್ದು ಹೋಗಿ ಫ್ಯಾನು ಒರೆಸಲು ಶುರು ಮಾಡಿದರು.

ಹುಡುಕಬೇಕಾಗಲಿಲ್ಲ. ಕ್ಯಾಪ್ಟನೇ ಬೇರೆ ಹೆಸರಲ್ಲಿ ಬಂದು ಮಾತಾಡಿದ. ರೆಕ್ಕೆ ಅವನ ಹತ್ತಿರವೇ ಇದೆಯಂತೆ, ಯಾರಿಗೂ ಕೊಟ್ಟಿಲ್ಲವಂತೆ. ಇಬ್ಬರನ್ನು ಕರೆದುಕೊಂಡು ಬಂದರೆ ವಾಪಸ್ ಕೊಡುತ್ತಾನಂತೆ. ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ನೀನೇನು ಹೇಳುತ್ತೀಯ?

ಮೊಂಡಿ


ಜುಲೈ 3

ಮೊಂಡಿ,

ಯೋಚನೆ ಯಾಕೆ? ಹೋಗು!

ಅವನು ಹೆದರಿದ್ದಾನೆ. ಇಲ್ಲಿಯೂ ಹಾಗೇ. ಕದ್ದ ಸೈಕಲ್ ಯಾರ ಮನೆಯಲ್ಲಿದೆ ಎಂದು ನಮಗೆ ಗೊತ್ತಾದರೆ ಕಳ್ಳನೇ ಹೇಳಿ ಕಳಿಸುತ್ತಾನೆ, ಇಬ್ಬರನ್ನು ಕರೆದುಕೊಂಡು ಬಂದು ತಗೊಂಡು ಹೋಗಿ ಎಂದು. ನಾಲ್ಕು ಜನರ ಎದುರು ಕೊಟ್ಟರೆ ಮುಂದೆ ತಕರಾರಿಲ್ಲ ಎಂದು ಅವನ ಲೆಕ್ಕ. ನಾವೂ ಒಬ್ಬರೇ ಹೋಗುವುದಿಲ್ಲ. ಹೋದ ತಿಂಗಳು ನಾನು ಪಂಚರ್‌ನವನನ್ನೂ ಬೆಲ್ಲು ಮಾರುವವನನ್ನೂ ಕರೆದುಕೊಂಡು ಹೋಗಿ ಒಂದು ಲೇಡೀಸ್ ಸೈಕಲ್ ಎಳೆದುಕೊಂಡು ಬಂದೆ. ಕೊಟ್ಟವನು ಗಾಳಿ ಹಾಕಿಸಿ ಕೊಟ್ಟ!

ಇಬ್ಬರಲ್ಲ, ಸಿಕ್ಕಿದರೆ ನಾಲ್ವರನ್ನು ಕರೆದುಕೊಂಡು ಹೋಗು. ಗಟ್ಟಿ ಆಳುಗಳಿರಲಿ.

ಬೀದಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ನನ್ನ ಮೊಮ್ಮಗಳು ಕಳ್ಳನನ್ನು ಬಗ್ಗಿಸಿದಳು ಎಂದು. "ಯಾರ ಮೊಮ್ಮಗಳು ಅಂತ ಹೇಳ್ಬೇಕಾ!" ಎಂದ ಪಂಚರ್‌ನವನು. ಅವನಿಗೆ ಟೀ ಕೊಡಿಸಿದೆ. ನನ್ನ ಕೈಯಿಂದ ಟೀ ಕುಡಿದದ್ದನ್ನು ಅವನೇ ನಂಬುತ್ತಿಲ್ಲ.

ರೆಕ್ಕೆ ಬಂದ ದಿನವೇ ಬರೆ.

ಅಜ್ಜಿ


ಜುಲೈ 20

ಮೊಂಡಿ,

ರೆಕ್ಕೆ ಬಂತೋ? ಅಂಚೆಯವನು ದಿನಾ ಬರಿಗೈ ತೋರಿಸುತ್ತಾನೆ. ಪಂಚರ್‌ನವನು ದಿನಾ ಕೇಳುತ್ತಾನೆ. ಇಬ್ಬರಿಗೂ ಬೈದು ಬೈದು ಗಂಟಲು ಒಣಗಿದೆ.

ಅಜ್ಜಿ


ಜುಲೈ 26

ಅಜ್ಜಿ,

ಚೆನ್ನಾಗಿದ್ದೇನೆ. ಪರೀಕ್ಷೆ ಇತ್ತು, ಅದಕ್ಕೆ ಬರೆಯಲಿಲ್ಲ. ಅರ್ಧ ಕೆಲಸ ಆಗಿದೆ. ಇನ್ನರ್ಧ ಆದ ಮೇಲೆ ರೆಕ್ಕೆ ಬರುತ್ತದೆ. ಆ ವಿಷಯ ಈಗ ಬೇಡ.

ಹವಾ ತಂಪಾಗಿದೆ. ನಿನ್ನ ಮಂಡಿ ನೋವು ಹೇಗಿದೆ?

ಮೊಂಡಿ


ಜುಲೈ 31

ಮೊಂಡಿ,

ನನ್ನ ಮಂಡಿ ನೋವು ಕೇಳಿದ್ದೀಯ. ಹುಟ್ಟಿದಾಗಿನಿಂದ ಕೇಳದವಳು ಈಗ ಕೇಳಿದೆ. ಹವಾ ಹೇಗಿದೆ ಎಂದು ಬೇರೆ ಬರೆದಿದ್ದೀಯ. ಗಿರಾಕಿ ಸೀಟು ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಎಂದು ಹೊಗಳಲು ಶುರು ಮಾಡಿದನೆಂದರೆ ಆ ಸೈಕಲನ್ನು ಆಗಲೇ ಎಲ್ಲೋ ಗುದ್ದಿದ್ದಾನೆ ಎಂದು ನನಗೆ ತಿಳಿಯುತ್ತದೆ.

ಅರ್ಧ ಕೆಲಸ ಎಂದರೇನು? ವಸ್ತು ವಾಪಸ್ ಕೊಡುವುದರಲ್ಲಿ ಅರ್ಧ ಎಲ್ಲಿಂದ ಬಂತು? ಒಂದು ರೆಕ್ಕೆ ಕೊಟ್ಟನೇ? ನೀನು ಕರೆದುಕೊಂಡು ಹೋದವರು ಯಾರು? ಯಾತಕ್ಕೆ ಕರೆದುಕೊಂಡು ಹೋದೆ?

ಸುಳ್ಳು ಬರೆಯುವುದಾದರೆ ಅಂಚೆ ಚೀಟಿ ದಂಡ ಮಾಡಬೇಡ.

ಅಜ್ಜಿ


ಆಗಸ್ಟ್ 8

ಅಜ್ಜಿ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಅವನು ಕರೆದುಕೊಂಡು ಬಾ ಎಂದದ್ದು ಸಾಕ್ಷಿಗೆ ಅಲ್ಲ. ನಂಬಿಕೆ ಪರೀಕ್ಷೆಗೆ. ಒಳ್ಳೆಯ ವಸ್ತು ಇರುವ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದು, ಪರೀಕ್ಷೆ ನಿಜ, ನನಗೆ ನನ್ನದು ವಾಪಸ್ ಸಿಕ್ಕಿತು ಎಂದು ನಾನು ಹೇಳಬೇಕು. ಅದು ನನಗೆ ಮೊದಲೇ ಗೊತ್ತಿತ್ತು. ನಿನಗೆ ಬರೆಯುವಾಗ ಆ ಭಾಗ ಬಿಟ್ಟೆ. ನೀನು ಹೋಗು ಎಂದೆ. ಅಜ್ಜಿಯೇ ಹೇಳಿದಳಲ್ಲ ಎಂದುಕೊಂಡೆ.

ಅಲ್ಲಿ ಇಣಚಿ ಎಂದು ಒಬ್ಬ ಚಿಕ್ಕ ಹುಡುಗನಿದ್ದಾನೆ. ಮೈಕಿನಲ್ಲಿ ಮಾತಾಡಿದರೆ ಹಲ್ಲು ಬಿದ್ದದ್ದು ಗೊತ್ತಾಗುತ್ತದೆ. ನನ್ನ ಹಿಂದೆಯೇ ಓಡಾಡುತ್ತಿದ್ದ. ಅವನ ಹತ್ತಿರ ಒಂದು ಹಸಿರು ಆಮೆ ಇತ್ತು. ಅದೂ ಈಗ ಯಾರಿಗೂ ಸಿಗುವುದಿಲ್ಲ. ದಿನಾ ಅದಕ್ಕೆ ಎಲೆ ತಿನ್ನಿಸಬೇಕು. ಕ್ಯಾಪ್ಟನ್ ಎದುರು ನಿಂತಾಗ ಇಣಚಿ ನನ್ನನ್ನೇ ಕೇಳಿದ: "ಅಕ್ಕಾ, ನಿಂಗೆ ನಿಂದು ವಾಪಸ್ ಕೊಟ್ರಾ?"

"ಕೊಟ್ರು" ಎಂದೆ.

ಆಮೆ ಕೊಟ್ಟುಬಿಟ್ಟ, ಅಜ್ಜಿ. ಒಂದು ನಿಮಿಷವೂ ಯೋಚಿಸಲಿಲ್ಲ.

ಈಗ ದಿನಾ ಬಂದು ಕೇಳುತ್ತಾನೆ. "ಅಕ್ಕಾ, ಕ್ಯಾಪ್ಟನ್ ಅಣ್ಣ ಯಾವಾಗ ಬರ್ತಾರೆ? ಆಮೆಗೆ ಎಲೆ ಹಾಕ್ಬೇಕು, ಹಸಿವಾಗಿರುತ್ತೆ." ನಾನು ಅವನನ್ನು ಕಂಡ ಕೂಡಲೇ ಆಟದಿಂದ ಹೊರಗೆ ಬರುತ್ತೇನೆ.

ಕ್ಯಾಪ್ಟನ್ ಬರೆದ: "ಒಬ್ಬ ಆಯ್ತು, ಇನ್ನೊಬ್ಬ." ಎರಡನೆಯವಳೂ ಒಪ್ಪಿದ್ದಾಳೆ, ಬೆಳ್ಳಿ ಬಿಲ್ಲು ಇಟ್ಟುಕೊಂಡಿರುವ ಹುಡುಗಿ. ಈ ತಿಂಗಳ ಕೊನೆಯ ಭಾನುವಾರ ಚೌಕದಲ್ಲಿ ಪರೀಕ್ಷೆ. ಅದಾದರೆ ಅಂದೇ ರೆಕ್ಕೆ ಕೊಡುತ್ತಾನಂತೆ. ಅವನು ನಿಜವಾಗಿಯೂ ಕೊಡುತ್ತಾನೆ, ಹಾಗೆ ವಾಪಸ್ ಪಡೆದ ಒಬ್ಬನನ್ನು ನಾನೇ ನೋಡಿದ್ದೇನೆ. ಆ ರೆಕ್ಕೆ ಇಲ್ಲದಿದ್ದರೆ ಅಲ್ಲಿ ನಾನು ಯಾರೂ ಅಲ್ಲ.

ಅಪ್ಪ ಅಮ್ಮನಿಗೆ ಗೊತ್ತಿಲ್ಲ. ಬೈಯಿ. ಆದರೆ ಏನು ಮಾಡಲಿ ಹೇಳು.

ಮೊಂಡಿ


ಆಗಸ್ಟ್ 12

ಆ ಬಿಲ್ಲಿನ ಹುಡುಗಿಯನ್ನು ಕರೆದುಕೊಂಡು ಹೋದೆಯೋ, ಇನ್ನು ನನಗೆ ಕಾಗದ ಬರೆಯಬೇಡ.

ಅಜ್ಜಿ


ಆಗಸ್ಟ್ 13

ಮೊಂಡಿ,

ನಿನ್ನೆಯ ಕಾಗದ ನಿನ್ನೆಯ ಸಿಟ್ಟಿನದು. ಅದು ಹಾಗೇ ಇರಲಿ, ವಾಪಸ್ ತೆಗೆದುಕೊಳ್ಳುವುದಿಲ್ಲ. ಇದು ಇವತ್ತಿನದು.

ನಾನು ಸಾಕ್ಷಿಗೆ ಕರೆದುಕೊಂಡು ಹೋಗು ಎಂದೆ. ನೀನು ಬಲಿಗೆ ಕರೆದುಕೊಂಡು ಹೋದೆ. ನಾನು ಕೇಳದೆ ಬರೆದೆ, ನೀನು ಮುಚ್ಚಿಟ್ಟು ಬರೆದೆ. ನನ್ನ ಪಾಲು ನಾನು ಹೊತ್ತೆ, ಹೇಗೆಂದು ಹೇಳುತ್ತೇನೆ. ನಿನ್ನ ಪಾಲು ನನ್ನ ತಲೆಗೆ ಕಟ್ಟಬೇಡ.

ಪಂಚರ್ ಅಂಗಡಿ ಮುಂದೆ ಒಂದು ಸ್ಟೂಲಿದೆ, ನೋಡಿದ್ದೀಯ. ಅದು ಕೂರಲು ಇಟ್ಟದ್ದಲ್ಲ. ಈ ಬೀದಿಯಲ್ಲಿ ಯಾರಿಗೆ ಮೋಸವಾದರೂ ಅವತ್ತು ಅಂಗಡಿ ಮುಚ್ಚುವ ಮೊದಲು ಅದರ ಮೇಲೆ ಹತ್ತಿ ನಿಂತು ಕೂಗಬೇಕು. ಬಂದವನು ಹೇಗಿದ್ದ, ಏನೆಂದು ಮಾತಾಡಿಸಿದ, ನಾನು ಹೇಗೆ ಬಿದ್ದೆ. ಕೊನೆಯದನ್ನು ಬಿಡುವ ಹಾಗಿಲ್ಲ. ಜನ ನಗುತ್ತಾರೆ. ಬೆಲ್ಲು ಮಾರುವವನು ಒಂದು ಸಲ ಒಬ್ಬ ಅತ್ತದ್ದು ನೋಡಿ ಕರಗಿ, ತನ್ನ ಸ್ವಂತ ಸೈಕಲನ್ನೇ ಕೊಟ್ಟು ನಡೆದುಕೊಂಡು ಮನೆಗೆ ಹೋಗಿದ್ದ. ಅದನ್ನು ಕೂಗಿದ ದಿನ ನಾವು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆವು. ನಗಲಿ. ಮಾರನೇ ದಿನ ಅದೇ ಅಳುಮುಖ ನಾಲ್ಕನೇ ಅಂಗಡಿಗೆ ಬಂದಾಗ ಎಲ್ಲರಿಗೂ ಗುರುತು ಸಿಕ್ಕಿತು. ಮೋಸ ಹೋದವನಿಗೆ ಇಲ್ಲಿ ಯಾರೂ ಬೈಯುವುದಿಲ್ಲ. ಮುಚ್ಚಿಟ್ಟುಕೊಂಡು ಪಕ್ಕದವನನ್ನು ಬೀಳಲು ಬಿಟ್ಟವನ ಜೊತೆ ಮಾತ್ರ ಒಬ್ಬರೂ ಮಾತಾಡುವುದಿಲ್ಲ.

ನಿನ್ನೆ ನಾನು ಹತ್ತಿದೆ. ನನ್ನ ಮೊಮ್ಮಗಳು ಕಳ್ಳನನ್ನು ಬಗ್ಗಿಸಿದಳು ಎಂದು ಇದೇ ಬೀದಿಗೆ ಟೀ ಕೊಡಿಸಿ ಹೇಳಿದ್ದೆನಲ್ಲ. ಮಂಡಿ ಹಿಡಿದುಕೊಂಡು ಹತ್ತಿ ನಿಂತು ಕೂಗಿದೆ: "ನಾನು ಹೇಳಿದ್ದು ಸುಳ್ಳು! ನನ್ನ ಮೊಮ್ಮಗಳು ಒಂದು ಮಗುವಿನ ಆಮೆ ಕಳ್ಳನ ಕೈಗೆ ಹಾಕಿಸಿದಾಳೆ! ಪೂರ್ತಿ ಕೇಳದೆ ಹೋಗು ಅಂತ ಬರೆದವಳು ನಾನೇ!"

ಈ ಸಲ ಯಾರೂ ನಗಲಿಲ್ಲ. ಪಂಚರ್‌ನವನು ಕೈ ಹಿಡಿದು ಇಳಿಸಿದ. "ಇಳೀರಜ್ಜಿ, ಸ್ಟೂಲು ಹಳೇದು" ಎಂದ. ಅಷ್ಟೇ.

ಈಗ ನಿನ್ನ ಸರದಿ.

ಅಜ್ಜಿ


ಆಗಸ್ಟ್ 18

ಅಜ್ಜಿ,

ಯಾರನ್ನು ಕೇಳಿ ಕೂಗಿದೆ? ನಾನು ನಿನಗೊಬ್ಬಳಿಗೆ ಬರೆದದ್ದು ಅದು! ಅಮ್ಮನಿಗೂ ಹೇಳದ್ದನ್ನು ನಿನಗೆ ಹೇಳಿದೆ. ನೀನು ಸ್ಟೂಲು ಹತ್ತಿ ಬೆಲ್ಲು ಮಾರುವವನಿಗೆ ಹೇಳಿದೆ. ಇನ್ನು ನಿನ್ನ ಬೀದಿಗೆ ನಾನು ಹೇಗೆ ಕಾಲಿಡಲಿ?

ನಿನಗೇನು, ಇಳಿದ ಮೇಲೆ ಅದೇ ಅಂಗಡಿ, ಅದೇ ಜನ. ನಾನು ಅಲ್ಲಿ ಬಾಯಿ ಬಿಟ್ಟರೆ ಏನಾಗುತ್ತದೆ ಗೊತ್ತಾ? ಕ್ಯಾಪ್ಟನ್‌ಗೆ ನೂರಾರು ಜನ ಇದ್ದಾರೆ. ಅವರೆಲ್ಲ ಸೇರಿ ನಾನೇ ಕಳ್ಳಿ ಎಂದು ಕಂಪನಿಗೆ ದೂರು ಕೊಟ್ಟರೆ ನನ್ನ ಗೊಂಬೆಯನ್ನೇ ಮುಚ್ಚಿಬಿಡುತ್ತಾರೆ. ರೆಕ್ಕೆ ಹೋಗಲಿ, ಐದು ವರ್ಷದಲ್ಲಿ ಸಂಪಾದಿಸಿದ್ದು ಎಲ್ಲ ಹೋಗುತ್ತದೆ. ಇಣಚಿ ಮತ್ತೆ ನನ್ನ ಮುಖ ನೋಡುವುದಿಲ್ಲ. ಸುಮ್ಮನಿದ್ದರೆ ಭಾನುವಾರ ರೆಕ್ಕೆ ಸಿಗುತ್ತದೆ.

ನಿನ್ನ ಬೀದಿಯೇ ಬೇರೆ, ನನ್ನ ಊರೇ ಬೇರೆ. ನಿನಗೆ ಇದು ಅರ್ಥವಾಗುವುದಿಲ್ಲ.

ಮೊಂಡಿ


ಆಗಸ್ಟ್ 22

ಮೊಂಡಿ,

ಅರ್ಥವಾಗುವುದಿಲ್ಲ, ನಿಜ. ಗೊಂಬೆ, ಗೋಪುರ, ಮುಚ್ಚುವುದು, ತೆರೆಯುವುದು, ನನಗೆ ಒಂದೂ ತಲೆಗೆ ಹತ್ತಿಲ್ಲ. ಆಮೆಗೆ ಹಸಿವಾಗಿರುತ್ತದೆ ಎಂದು ಒಂದು ಮಗು ದಿನಾ ಬಂದು ನಿಲ್ಲುತ್ತದಲ್ಲ, ಅದು ಅರ್ಥವಾಯಿತು.

ನಿನ್ನನ್ನು ಕೇಳದೆ ಕೂಗಿದೆ. ಕ್ಷಮಿಸು ಎಂದು ಬರೆಯುವುದಿಲ್ಲ, ಇನ್ನೊಂದು ಸಲವಾದರೂ ಕೂಗುತ್ತಿದ್ದೆ. ನನ್ನ ಮೇಲೆ ಸಿಟ್ಟಿರಲಿ, ಇಟ್ಟುಕೋ. ಆದರೆ ಆ ಸಿಟ್ಟನ್ನೆಲ್ಲ ನನ್ನ ಮೇಲೆ ಖರ್ಚು ಮಾಡಬೇಡ, ಸ್ವಲ್ಪ ಅವನಿಗೂ ಉಳಿಸು. ಇಷ್ಟು ಉದ್ದ ಕಾಗದದಲ್ಲಿ ಅವನಿಗೆ ಒಂದೇ ಒಂದು ಬೈಗುಳ ಇಲ್ಲ. ನನಗೇ ಎಲ್ಲ.

ರೆಕ್ಕೆ ಇಲ್ಲದಿದ್ದರೆ ನೀನು ಯಾರೂ ಅಲ್ಲ ಎಂದು ಬರೆದಿದ್ದೆ. ಆ ಗೋಪುರದಿಂದ ದಿನಾ ಬಿದ್ದು ದಿನಾ ಹತ್ತಿದವಳು ಯಾರು? ಆಗ ರೆಕ್ಕೆ ಇತ್ತೇ?

ಅವನ ಹತ್ತಿರ ನೂರು ಜನ ಇದ್ದಾರೆ ಎಂದೆ. ಅವರಲ್ಲಿ ಎಷ್ಟು ಜನ ನಿನ್ನ ಹಾಗೇ ಬಂದವರೋ ಕೇಳಿ ನೋಡಿದ್ದೀಯಾ?

ಎಲ್ಲ ಹೋಗುತ್ತದೆ. ಹೌದು, ಹೋಗುತ್ತದೆ. ಹೋಗುವುದಿಲ್ಲ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಏನು ಮಾಡಬೇಕೆಂದು ನಿನಗೆ ಗೊತ್ತಿದೆ. ಗೊತ್ತಿಲ್ಲದಿದ್ದರೆ ನಾಲ್ಕು ಸಲ ಬರೆದು ಹರಿಯುತ್ತಿರಲಿಲ್ಲ.

ಇದನ್ನು ಬೇಗ ಹೋಗುವ ಅಂಚೆಗೆ ಹಾಕಿಸಿದ್ದೇನೆ. ಭಾನುವಾರದ ಒಳಗೆ ಸಿಕ್ಕಿದರೆ ಸರಿ. ಸಿಗದಿದ್ದರೂ ನೀನು ನನ್ನ ಮೊಮ್ಮಗಳು.

ಅಜ್ಜಿ


ಸೆಪ್ಟೆಂಬರ್ 9

ಅಜ್ಜಿ,

ನಿನ್ನ ಕಾಗದ ಆ ಭಾನುವಾರ ಕಳೆದ ಮೇಲೆ, ಸೋಮವಾರ ಸಿಕ್ಕಿತು. ಅಂಚೆಯವನಿಗೆ ಕೊಟ್ಟ ದುಡ್ಡು ದಂಡ.

ಆ ಭಾನುವಾರ ಚೌಕಕ್ಕೆ ಹೋದೆ. ಬಿಲ್ಲಿನ ಹುಡುಗಿ ಬಂದಿದ್ದಳು. ಕ್ಯಾಪ್ಟನ್ ಬಂದಿದ್ದ. ನನಗೆ ಆಸೆಯಾಗಲಿ ಎಂದು ನನ್ನ ರೆಕ್ಕೆಯನ್ನೇ ಹಾಕಿಕೊಂಡು ಬಂದಿದ್ದ, ಅಜ್ಜಿ. ಅಲ್ಲಿಯವರೆಗೂ ಏನು ಮಾಡಬೇಕೆಂದು ತೀರ್ಮಾನವೇ ಆಗಿರಲಿಲ್ಲ. ಅದನ್ನು ಅವನ ಬೆನ್ನ ಮೇಲೆ ನೋಡಿದ್ದೇ ತಡ, ಮೈಯೆಲ್ಲ ಉರಿಯಿತು. ಕಾರಂಜಿಯ ಕಟ್ಟೆ ಹತ್ತಿ ಮೈಕ್ ಹಾಕಿದೆ. ಅವನ ಎಲ್ಲ ಹೆಸರು ಹೇಳಿದೆ. ಸುತ್ತಿಗೆ, ಗುರಾಣಿ, ರೆಕ್ಕೆ ಹೇಳಿದೆ. ನಾನು ಹೇಗೆ ಬಿದ್ದೆ ಹೇಳಿದೆ. ಆಮೇಲೆ ಇಣಚಿಯ ವಿಷಯ. ಅದನ್ನೂ ಹೇಳಿದೆ. ಇಣಚಿ ಅಲ್ಲೇ ನಿಂತಿದ್ದ.

ನನ್ನ ಕಿರುಚಾಟಕ್ಕೆ ಅಡುಗೆಮನೆಯಿಂದ ಅಪ್ಪ ಓಡಿ ಬಂದರು. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ಕೊನೆಗೆ ಅಮ್ಮನಿಗೆ, "ಥೇಟ್ ನಮ್ಮಮ್ಮನ ಗಂಟಲು ಕಣೇ" ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, "ರೆಕ್ಕೆ ಹಾಕಿದಾನಲ್ಲ, ಅವನೇನಾ?" ಎಂದು ಕೇಳಿದರು.

ಬಿಲ್ಲಿನ ಹುಡುಗಿ ಬಿಲ್ಲು ಎತ್ತಿಕೊಂಡು ಓಡಿದಳು. ಕ್ಯಾಪ್ಟನ್ ಮಾಯವಾದ. ಅವನ ಜನ ಮಾತ್ರ ಬಿಡಲಿಲ್ಲ. ಬರೆಯಲಾಗದ ಮಾತು ಬೈದರು. ಎರಡೇ ದಿನದಲ್ಲಿ ಕಂಪನಿಯವರು ನನ್ನ ಗೊಂಬೆಯನ್ನು ಮುಚ್ಚಿದರು. ನಾನು ಹೆದರಿದ್ದೆಲ್ಲ ಹಾಗೇ ಆಯಿತು. ಒಂದೂ ಬಿಡಲಿಲ್ಲ.

ನಾನು ಹೊಸದಾಗಿ ಮೊದಲಿಂದ ಶುರು ಮಾಡಿದೆ. ಹೊಸಬರಿಗೆ ಒಂದು ಕಂದು ಅಂಗಿ ಮಾತ್ರ ಕೊಡುತ್ತಾರೆ, ಕಾಲಿಗೆ ಏನೂ ಇಲ್ಲ. ಅದರಲ್ಲೇ ಊರಬಾಗಿಲಲ್ಲಿ ನಿಲ್ಲುತ್ತೇನೆ. ಹೊಸ ಮಕ್ಕಳೆಲ್ಲ ಅಲ್ಲಿಂದಲೇ ಒಳಗೆ ಬರಬೇಕು. ಒಬ್ಬೊಬ್ಬರಿಗೂ ಹೇಳುತ್ತೇನೆ: ನಂಬಿಕೆ ಪರೀಕ್ಷೆ ಅಂತ ಯಾರಾದ್ರೂ ಕೇಳಿದ್ರೆ ಕೊಡ್ಬೇಡಿ, ನಂದು ಹೀಗೆ ಹೋಯ್ತು, ನಾನೇ ಇನ್ನೊಬ್ಬನದು ಹೀಗೆ ಕಳ್ಳನ ಕೈಗೆ ಹಾಕಿಸಿದೆ. ಅವನ ಜನ ಬಂದು ತಳ್ಳುತ್ತಾರೆ. ಬೀಳುತ್ತೇನೆ, ಎದ್ದು ಮತ್ತೆ ಅಲ್ಲೇ ನಿಲ್ಲುತ್ತೇನೆ. ತಳ್ಳುವವರಲ್ಲಿ ಒಬ್ಬ ಮೊನ್ನೆ ಯಾರಿಗೂ ಕಾಣದ ಹಾಗೆ ನನಗೊಬ್ಬಳಿಗೆ ಬರೆದ, ಚಿನ್ನದ ಸುತ್ತಿಗೆ ತನ್ನದು ಎಂದು.

ಮೊನ್ನೆಯೇ ಇಣಚಿಯೂ ಬಂದ. ಅಷ್ಟು ದಿನ ಬಂದಿರಲಿಲ್ಲ. ಪಕ್ಕದಲ್ಲಿ ನಿಂತ. ನಾನು ಸಾರಿ ಎಂದೆ. ಮತ್ತೆ ಹೇಳಿದೆ. ಆಗ ಅವನು ಹೇಳಿದ:

"ನಿನ್ನ ಜೊತೆ ನಾನು ಮಾತು ಬಿಟ್ಟಿದೀನಿ. ಸ್ವಲ್ಪ ಸರ್ಕೋ, ನಾನೂ ಕೂಗ್ಬೇಕು."

ಸರಿದು ಜಾಗ ಕೊಟ್ಟೆ.

ಮೊಂಡಿ